ಪೇಟೆ ಸಾಕಿದ ಬಸದಿ



ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಸಂತ ಸ್ಟೀಫನ್ನನ ಹೆಸರಿನ ಒಂದು ದೊಡ್ಡ ಚರ್ಚಿದೆ. ಮಧ್ಯಯುಗದ ಕಟ್ಟಡ. ಅದರ ಮುಖ್ಯ ಬಾಗಿಲಿನ ಎಡಗಡೆ ಗೋಡೆಗೆ ಎರಡು ಕಬ್ಬಿಣದ ಪಟ್ಟಿ ಜಡಿದಿದ್ದಾರೆ. ಒಂದು ಸುಮಾರು 78 ಸೆಂಟಿಮೀಟರ್ ಉದ್ದ, ಇನ್ನೊಂದು ಸುಮಾರು 90. ಇವು ಬಟ್ಟೆಯ ಅಳತೆಗೋಲುಗಳು. ನಾರುಬಟ್ಟೆಗೆ ಒಂದು ಅಳತೆ, ಉಳಿದ ಬಟ್ಟೆಗೆ ಬೇರೆ ಅಳತೆ. ಪೇಟೆಯಲ್ಲಿ ಬಟ್ಟೆ ಕೊಂಡವನಿಗೆ ವ್ಯಾಪಾರಿಯ ಮೇಲೆ ಅನುಮಾನ ಬಂದರೆ ಕಚೇರಿಗೆ ಓಡಬೇಕಾಗಿರಲಿಲ್ಲ. ಬಟ್ಟೆ ಹೆಗಲಿಗೆ ಹಾಕಿಕೊಂಡು ದೇವರ ಮನೆಯ ಬಾಗಿಲಿಗೆ ಬಂದು, ಆ ಪಟ್ಟಿಗೆ ಹಿಡಿದು ನೋಡಿದರೆ ಮುಗಿಯಿತು. ಜರ್ಮನಿಯ ಫ್ರೈಬರ್ಗ್ ಊರಿನ ಚರ್ಚಿನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ರೊಟ್ಟಿ ಎಷ್ಟು ದೊಡ್ಡದಿರಬೇಕು ಎಂಬುದನ್ನೇ ಬಾಗಿಲ ಕಲ್ಲಿನ ಮೇಲೆ ಗೀರಿ, ಪಕ್ಕದಲ್ಲಿ ಇಸವಿ ಕೆತ್ತಿದ್ದಾರೆ: 1270, 1317, 1320. ಕಾಳು ಅಗ್ಗವಾದ ವರ್ಷ ರೊಟ್ಟಿ ದೊಡ್ಡದು, ತುಟ್ಟಿಯಾದ ವರ್ಷ ಸಣ್ಣದು.

ಈ ಸಂಗತಿಯನ್ನು ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ಉದ್ದ ಒಂದು ಗೇಣು ಕಡಿಮೆಯಾದರೆ ಸಾವುಕಾರ ಏನು ಮಾಡುತ್ತಾನೆ, ಗಿರಾಕಿ ಏನು ಅನ್ನುತ್ತಾನೆ ಅನ್ನುವುದು ಮಗ್ಗದ ಕುಣಿಯಲ್ಲಿ ಕಾಲಿಟ್ಟವರಿಗೆಲ್ಲ ಗೊತ್ತು. ನನಗೆ ಕುತೂಹಲ ಹುಟ್ಟಿಸಿದ್ದು ಅಳತೆಯಲ್ಲ, ಅದನ್ನು ಇಟ್ಟ ಜಾಗ. ಒಂದು ಊರು ತನ್ನ ಅಳತೆಗೋಲನ್ನು ಪೂಜೆಯ ಮನೆಯ ಗೋಡೆಗೆ ಯಾಕೆ ಜಡಿಯಿತು? ಆ ಮನೆಯನ್ನು ಕಟ್ಟಿದ ದುಡ್ಡು ಪೇಟೆಯಿಂದ ಬಂದಿತ್ತು. ಬಟ್ಟೆ ವ್ಯಾಪಾರಿಗಳ, ಕಮ್ಮಾರರ, ರೊಟ್ಟಿ ಸುಡುವವರ ಸಂಘಗಳು ಅದನ್ನು ತಮ್ಮದು ಅಂದುಕೊಂಡಿದ್ದವು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1331ರಿಂದ ಮಹಾದೇವಾಲಯದ ಕಟ್ಟಡದ ಉಸ್ತುವಾರಿಯನ್ನೇ ಉಣ್ಣೆ ವ್ಯಾಪಾರಿಗಳ ಸಂಘದ ಕೈಗೆ ಕೊಟ್ಟಿದ್ದರು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಮ್ಮ ಈ ಊರುಗಳಲ್ಲಿ ಮಧ್ಯಯುಗದ ಚರ್ಚು ಇಲ್ಲ. ಆದರೆ ಪೇಟೆ ಸಾಕಿದ ಪೂಜೆಯ ಮನೆ ಇದೆ, ಮತ್ತು ಅದು ನಾನು ಈಗ ಹೇಳಿದ ಜರ್ಮನಿಯ ರೊಟ್ಟಿಯ ಗೀರಿಗಿಂತ ಹಳೆಯದು. ರಬಕವಿಯಿಂದ ಕುಡಚಿ, ಮೀರಜಿನ ಕಡೆ ಹೋಗುವ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ತೇರದಾಳ ಬರುತ್ತದೆ. ಆ ಊರಿನಲ್ಲಿರುವ ನೇಮಿನಾಥ ಬಸದಿಗೆ ಶಾಸನದ ಹೆಸರು ಗೊಂಕ ಜಿನಾಲಯ. ಇವತ್ತು ಅದರ ವಿಷಯ.

ಶಾಸನ ಊರನ್ನು ತೇರಿದಾಳ ಎಂದು ಕರೆಯುತ್ತದೆ. ತೇರಿದಾಳ ಹನ್ನೆರಡು ಎಂದರೆ ಆ ಊರಿಗೆ ಸೇರಿದ ಹನ್ನೆರಡು ಹಳ್ಳಿಗಳ ಒಂದು ಗುಂಪು. ಅದು ಕೂಂಡಿ ಮೂರು ಸಾವಿರ ಎಂಬ ದೊಡ್ಡ ನಾಡಿನೊಳಗೆ ಸೇರಿತ್ತು. ಕೂಂಡಿಯನ್ನು ಆಳಿದವರು ಸವದತ್ತಿಯ ರಟ್ಟರು. ಲತ್ತಲೂರು, ಅಂದರೆ ಇವತ್ತಿನ ಲಾತೂರು, ತಮ್ಮ ಮೂಲ ಎಂದು ಹೇಳಿಕೊಳ್ಳುತ್ತಿದ್ದ ಮನೆತನ. ಅವರ ಮೇಲೆ ಕಲ್ಯಾಣದ ಚಾಲುಕ್ಯರು. ಶಕ ವರ್ಷ 1045, ಅಂದರೆ ಕ್ರಿಸ್ತಶಕ 1123ರ ಹೊತ್ತಿಗೆ ಕಲ್ಯಾಣದ ಗದ್ದುಗೆಯಲ್ಲಿ ಆರನೇ ವಿಕ್ರಮಾದಿತ್ಯನಿದ್ದ. 1076ರಲ್ಲಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆಳಿದ ಆ ದೊರೆಯ ಕೊನೆಗಾಲ. ತೇರಿದಾಳದಲ್ಲಿ ಆಗ ಗೊಂಕ ಎಂಬ ಮಾಂಡಲಿಕ. ದೊಡ್ಡ ರಾಜ ಅಲ್ಲ. ಚಕ್ರವರ್ತಿಯ ಕೆಳಗಿನ ರಟ್ಟ, ರಟ್ಟನ ಕೆಳಗಿನ ಗೊಂಕ. ಇವತ್ತಿನ ಲೆಕ್ಕದಲ್ಲಿ ಒಂದು ಹೋಬಳಿಯಷ್ಟು ನೆಲದ ಒಡೆಯ.

ಈ ಗೊಂಕ ತನ್ನೂರಿನಲ್ಲಿ ಇಪ್ಪತ್ತೆರಡನೇ ತೀರ್ಥಂಕರ ನೇಮಿನಾಥನಿಗೆ ಒಂದು ಬಸದಿ ಕಟ್ಟಿಸಿ, ರಟ್ಟ ದೊರೆ ಕಾರ್ತವೀರ್ಯನ ಸಮ್ಮುಖದಲ್ಲಿ ಅದಕ್ಕೆ ಭೂಮಿ ಬಿಟ್ಟ. ದಾನ ಕೈಗೊಂಡ ಪರಂಪರೆಯ ಗುರು ಮಾಘನಂದಿ ಸೈದ್ಧಾಂತಿಕರು. ಅವರು ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯರು. ಮೂಲಸಂಘ, ದೇಶೀಯ ಗಣ, ಪುಸ್ತಕ ಗಚ್ಛದವರು. ಗೊಂಕನನ್ನು ಹೊಗಳುವಾಗ ಶಾಸನ ಕವಿ ಒಂದು ಪ್ರಸಂಗ ಹೇಳುತ್ತಾನೆ. ಗೊಂಕನಿಗೆ ವಿಷದ ಹಾವು ಕಚ್ಚಿತಂತೆ. ಅವನು ಮಂತ್ರ-ತಂತ್ರ, ಔಷಧಿಯ ಗೊಡವೆಗೆ ಹೋಗದೆ ಪಂಚಪರಮೇಷ್ಠಿಗಳ ಹೆಸರು ಹೇಳುತ್ತ ಕುಳಿತ, ವಿಷ ಇಳಿಯಿತು. ಹಾವು ಕಚ್ಚಿದವರನ್ನು ಈಗ ನಾವು ಸೀದಾ ತಾಲ್ಲೂಕು ಆಸ್ಪತ್ರೆಗೇ ಒಯ್ಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃಷ್ಣೆಯ ಬಯಲಿನ ಒಬ್ಬ ಊರೊಡೆಯನನ್ನು ಹೊಗಳಲು ಕವಿಗೆ ಗೆದ್ದ ಯುದ್ಧಗಳು ಸಾಲದೆ ಹೊಲದ ಬದುವಿನಲ್ಲಿ ಯಾರಿಗೂ ಬರಬಹುದಾದ ಹಾವಿನ ಭಯವೇ ಬೇಕಾಯಿತಲ್ಲ, ಅದು ನನಗೆ ಹಿಡಿಸುತ್ತದೆ. ಈ ಊರಿನ ಜನ ತಮ್ಮ ಒಡೆಯನ ಕಥೆಯೆಂದು ಮನೆಯಲ್ಲಿ ಹೇಳಿಕೊಳ್ಳಬಹುದಾದ ಮಾತು ಅದು.

ನೇಮಿನಾಥನನ್ನೇ ಗೊಂಕ ಯಾಕೆ ಆರಿಸಿಕೊಂಡ ಎಂದು ಶಾಸನ ಹೇಳುವುದಿಲ್ಲ. ನಾವು ಕಥೆಯನ್ನಷ್ಟೇ ನೆನೆಯಬಹುದು. ನೇಮಿ ಕೃಷ್ಣನ ದಾಯಾದಿ. ಮದುವೆಯ ದಿಬ್ಬಣ ಹೊರಟಿದೆ. ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿ ಹಾಕಿದ ಪ್ರಾಣಿಗಳ ಕೂಗು ಕೇಳಿಸುತ್ತದೆ. ಇವೇಕೆ ಇಲ್ಲಿ ಎಂದರೆ, ನಿಮ್ಮ ಮದುವೆಯ ಊಟಕ್ಕೆ ಎನ್ನುತ್ತಾರೆ. ಅವನು ತೇರು ತಿರುಗಿಸಿಬಿಡುತ್ತಾನೆ, ಗಿರಿನಾರಕ್ಕೆ ತಪಸ್ಸಿಗೆ ಹೋಗುತ್ತಾನೆ. ಜೈನರ ಮನೆಗಳಲ್ಲಿ ಅಜ್ಜಿಯರು ಮಕ್ಕಳಿಗೆ ಮೊದಲು ಹೇಳುವ ಕಥೆಗಳಲ್ಲಿ ಇದು ಒಂದು. ನೇಮಿಯ ಮೂರ್ತಿಯ ಕೆಳಗೆ ಶಂಖದ ಗುರುತು ಇರುತ್ತದೆ. ಇನ್ನೊಬ್ಬ ತೀರ್ಥಂಕರನೋ ಇವನೋ ಎಂಬ ಅನುಮಾನ ಬಂದವರು ಅದನ್ನು ನೋಡಿ ತಿಳಿಯುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಒಡೆಯ ಕಟ್ಟಿದ ಬಸದಿಯ ಕಥೆ. ಅಂಥ ಕಥೆ ಕನ್ನಡ ನಾಡಿನಲ್ಲಿ ನೂರಾರು. ಒಡೆಯ ಸತ್ತ ಮೇಲೆ ಏನಾಯಿತು ಎನ್ನುವುದೇ ನನಗೆ ಮುಖ್ಯ.

ತೇರದಾಳದ ಕಲ್ಲಿನ ಮೇಲೆ ಒಂದೇ ಶಾಸನ ಇಲ್ಲ. 1123ರ ದಾಖಲೆಯ ಜೊತೆಗೆ ಅದೇ ಶತಮಾನದ ಕೊನೆಯ ಕಾಲದ ಬರಹವೂ ಸೇರಿಕೊಂಡಿದೆ. ಕೊನೆಯದು 1187ರದು. ಆಗ ಕೂಂಡಿ ನಾಡು ದಂಡನಾಯಕ ಭಾಯಿದೇವನ ಆಡಳಿತದಲ್ಲಿತ್ತು. ಈ ಅರವತ್ತು ಚಿಲ್ಲರೆ ವರ್ಷಗಳ ನಡುವೆ ಕನ್ನಡ ನಾಡಿನಲ್ಲಿ ಏನೆಲ್ಲ ಆಯಿತು ಲೆಕ್ಕ ಹಾಕಿ. ವಿಕ್ರಮಾದಿತ್ಯ ತೀರಿಕೊಂಡ. ಕಳಚುರಿ ಬಿಜ್ಜಳ ಚಾಲುಕ್ಯರ ಗದ್ದುಗೆ ಕಿತ್ತುಕೊಂಡ. ಕಲ್ಯಾಣದಲ್ಲಿ ಬಸವಣ್ಣನವರ ಕಾಲ ಬಂತು, ರಕ್ತ ಹರಿಯಿತು, ಶರಣರು ಚದುರಿದರು. ಬಿಜ್ಜಳನ ಮಕ್ಕಳು ಒಬ್ಬರ ಹಿಂದೆ ಒಬ್ಬರು ಪಟ್ಟಕ್ಕೆ ಬಂದು ಹೋದರು. ನಾಲ್ಕನೇ ಸೋಮೇಶ್ವರ ಚಾಲುಕ್ಯರ ಗದ್ದುಗೆಯನ್ನು ಕೆಲವು ವರ್ಷಗಳ ಮಟ್ಟಿಗೆ ಮತ್ತೆ ಹಿಡಿದ. ಇಷ್ಟು ಏರುಪೇರಿನಲ್ಲಿ ತೇರಿದಾಳದ ಒಂದು ಬಸದಿಗೆ ದಾನ ಬರುವುದು ನಿಲ್ಲಲಿಲ್ಲ. ಅದೇ ಹೆಸರು, ಗೊಂಕ ಜಿನಾಲಯ ಎಂಬುದೇ, ಮುಂದುವರಿಯಿತು.

ಅದನ್ನು ನಡೆಸಿದವರು ಯಾರು ಅಂದರೆ ಪೇಟೆಯವರು. ಶಾಸನದಲ್ಲಿ ವೀರಬಣಂಜರ ದೊಡ್ಡ ಪ್ರಶಸ್ತಿ ಇದೆ. ಇವರು ಅಯ್ಯಾವೊಳೆಯ ಐನೂರ್ವರು, ಅಂದರೆ ನಮ್ಮದೇ ಬಾಗಲಕೋಟ ಜಿಲ್ಲೆಯ ಐಹೊಳೆಯ ಹೆಸರನ್ನು ಇಟ್ಟುಕೊಂಡ ವ್ಯಾಪಾರಿ ಸಂಘ. ಐಹೊಳೆ ಎಂದರೆ ನಮಗೀಗ ದುರ್ಗದ ಗುಡಿಯ ಚಿತ್ರ, ಪ್ರವಾಸದ ಬಸ್ಸು. ಆ ಕಾಲದ ಸಮುದ್ರದಾಚೆಯ ಜನಕ್ಕೆ ಅದು ಒಂದು ವ್ಯಾಪಾರದ ಗುರುತು. ಇಂಡೋನೇಷ್ಯದ ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲಿ ಮಾತಾಡುವವರು ಇದೇ ಐನೂರ್ವರು. ಕರ್ಪೂರ ಬೆಳೆಯುವ ಆ ಬಂದರಿನಿಂದ ಹಿಡಿದು ಕೃಷ್ಣಾ ತೀರದ ತೇರಿದಾಳದವರೆಗೆ ಒಂದೇ ಸಂಘದ ಬಿರುದು ಓಡಾಡುತ್ತಿತ್ತು.

ಈ ಸಂಘದವರು ಊರಿಗೆ ಬಂದಾಗ ದೇವಸ್ಥಾನಕ್ಕೆ ಕೊಡುತ್ತಿದ್ದದ್ದು ಸಾಮಾನ್ಯವಾಗಿ ಹೊಲವಲ್ಲ, ಸುಂಕದ ಪಾಲು. ಹೊಲ ಒಡೆಯನದು. ವ್ಯಾಪಾರಿಯ ಕೈಯಲ್ಲಿರುವುದು ಸರಕು. ಆದ್ದರಿಂದ ಹೇರಿಗಿಷ್ಟು, ಚೀಲಕ್ಕಿಷ್ಟು, ಗಾಣಕ್ಕಿಷ್ಟು ಎಂದು ಕಟ್ಟಳೆ ಮಾಡುತ್ತಿದ್ದರು. ನಮ್ಮ ಸೀಮೆಯ ಸುತ್ತಮುತ್ತಲ ಶಾಸನಗಳನ್ನು ಓದಿದರೆ ಧಾನ್ಯ, ಎಲೆ, ಅಡಕೆ, ಎಣ್ಣೆ ಇಂಥವೇ ಸಾಲುಸಾಲು. ಎಲ್ಲರೂ ಕೂಡಿ ಒಪ್ಪಿದ್ದು ಕಲ್ಲಿಗೇರುತ್ತಿತ್ತು. 1135ರಲ್ಲಿ ಕೊಲ್ಲಾಪುರದಲ್ಲಿ ಇದೇ ನಡೆಯಿತು. ಶಿಲಾಹಾರ ಗಂಡರಾದಿತ್ಯನ ಸಾಮಂತ ನಿಂಬದೇವ ಪೇಟೆಯಲ್ಲೇ ಪಾರ್ಶ್ವನಾಥನ ಬಸದಿ ಕಟ್ಟಿಸಿದ. ಬೇರೆ ಬೇರೆ ಪಟ್ಟಣಗಳಿಂದ ಬಂದ ವೀರಬಣಂಜರು ಸೇರಿ ಅದಕ್ಕೆ ಸುಂಕದ ಪಾಲು ಬರೆದುಕೊಟ್ಟರು. ಈ ನಿಂಬ ಕೂಡ ಮಾಘನಂದಿಗಳ ಶಿಷ್ಯನೇ. ಗೊಂಕನ ಗುರುಬಂಧು ಅಂದರೆ ತಪ್ಪಿಲ್ಲ.

1204ರ ಬೆಳಗಾವಿಯ ಕಥೆ ಇನ್ನೂ ಸ್ವಾರಸ್ಯ. ಆಗ ರಟ್ಟರು ಸವದತ್ತಿಯಿಂದ ಬೆಳಗಾವಿಗೆ ಬಂದಿದ್ದರು. ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಣ ಅಲ್ಲಿ ರಟ್ಟ ಜಿನಾಲಯ ಕಟ್ಟಿಸಿದ. ಅದಕ್ಕೆ ಸುಂಕ ಬರೆದುಕೊಟ್ಟವರಲ್ಲಿ ಕೂಂಡಿಯ ವ್ಯಾಪಾರಿಗಳು ಇದ್ದರು, ಗುಜರಾತಿನ ಕಡೆಯ ಲಾಳರು ಇದ್ದರು, ಮಲೆಯಾಳದವರೂ ಇದ್ದರು. ಈಗ ಆ ಕನ್ನಡ ಶಾಸನದ ಕಲ್ಲುಗಳು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬೆಳಗಾವಿಯ ಪೇಟೆಯ ಸುಂಕದ ಪಟ್ಟಿಯನ್ನು ನೋಡಲು ವೀಸಾ ಬೇಕು! ತೇರದಾಳದ ಕಲ್ಲು ಸಾಗಿಹೋಗದೆ ಊರಲ್ಲೇ ಉಳಿಯಿತು ಎಂಬುದಕ್ಕೆ ನಾವು ಸಮಾಧಾನಪಟ್ಟುಕೊಳ್ಳಬೇಕು.

ಇನ್ನು ಅಳತೆಗೋಲಿನ ಮಾತು. ಕೊಲ್ಲಾಪುರದ ಕಡೆಯ ಶಿಲಾಹಾರರ ದಾನಶಾಸನಗಳಲ್ಲಿ ಹೊಲವನ್ನು ಕೂಂಡಿಯ ಕೋಲಿನಿಂದ ಅಳೆದು ಕೊಟ್ಟೆವು ಎಂದು ಬರೆದಿದೆ. ನಮ್ಮ ನಾಡಿನ ಕೋಲು ಪಕ್ಕದ ರಾಜ್ಯದಲ್ಲೂ ನಡೆಯುತ್ತಿತ್ತು ಎಂದಾಯಿತು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬದ ಹೆಸರು ಹೊತ್ತ ಭೇರುಂಡ ಗಳೆಯೂ ಇಂಥದ್ದೇ ಒಂದು ಅಳತೆ. ವಿಯೆನ್ನಾದ ಕಬ್ಬಿಣದ ಪಟ್ಟಿಯ ಹಿಂದಿನ ಬುದ್ಧಿಯೂ ಇದೇ. ನಾಲ್ಕು ಜನ ಕಣ್ಣಾರೆ ನೋಡುವ, ಸುಳ್ಳು ಹೇಳಲು ಅಂಜುವ ಜಾಗದಲ್ಲಿ ಅಳತೆ ಇರಬೇಕು.

ಪೇಟೆಗೂ ಜಿನಧರ್ಮಕ್ಕೂ ನಮ್ಮ ಸೀಮೆಯಲ್ಲಿ ಇರುವ ನಂಟು ಗೊಂಕನಿಗಿಂತ ಹಳೆಯದು. ಮುಧೋಳದ ರನ್ನನನ್ನು ಮರೆತು ಈ ಮಾತು ಆಡಲಾಗದು. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇವತ್ತಿನ ಮುಧೋಳದಲ್ಲಿ, ಹುಟ್ಟಿದ ಕವಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಬಳೆಗಾರರ ಮನೆತನ. ಬಳೆಯ ಮಲಾರ ಹೊತ್ತು ಊರೂರು ತಿರುಗುವ ಮನೆಯ ಹುಡುಗ ಕವಿಚಕ್ರವರ್ತಿಯಾದ. ಅವನ ಅಜಿತಪುರಾಣ 993ರಲ್ಲಿ ಮುಗಿಯಿತು. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಆ ಕಾಲದ ಬಸದಿ ಎಂದರೆ ಪೂಜೆ ಮಾತ್ರವಲ್ಲ. ಪಾಠ ಹೇಳುವ, ಓಲೆಗರಿ ಪ್ರತಿ ಮಾಡುವ, ಹಸಿದವರಿಗೆ ಅನ್ನ ಹಾಕುವ ಜಾಗ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶಾಸನಗಳು ಮತ್ತೆ ಮತ್ತೆ ಹೇಳುವುದು ಸುಮ್ಮನೆ ಅಲ್ಲ. ಜೊತೆಗೆ ಕಟ್ಟಡ ಒಡೆದು ಬಿರಿದಾಗ ಸರಿಪಡಿಸಲು ಹಣ ಇಡುವುದನ್ನೂ ಅವರು ಮರೆಯುತ್ತಿರಲಿಲ್ಲ. ಈಗ ಕಟ್ಟಡಕ್ಕೆ ಉದ್ಘಾಟನೆ ಮಾಡಿ, ಸೋರತೊಡಗಿದಾಗ ದುಡ್ಡು ಹುಡುಕುವ ನಮಗೆ ಅವರ ಈ ಮುಂದಾಲೋಚನೆ ಸ್ವಲ್ಪ ನಾಚಿಕೆ ತರಿಸಬೇಕು.

ತೇರದಾಳದ ಶಾಸನವನ್ನು ಈಗಿನ ಕಾಲಕ್ಕೆ ಓದಿ ಕೊಟ್ಟವರು ಕಾಶೀನಾಥ ಬಾಪೂಜಿ ಪಾಠಕರು. 1850ರಲ್ಲಿ ಹುಟ್ಟಿದವರು, ಬೆಳಗಾವಿಯಲ್ಲಿ ಶಾಲಾ ಮಾಸ್ತರರಾಗಿದ್ದವರು, ಆಮೇಲೆ ಪುಣೆಯಲ್ಲಿ ಸಂಸ್ಕೃತ ಪ್ರಾಧ್ಯಾಪಕರು. ಕವಿರಾಜಮಾರ್ಗವನ್ನು ಮೊದಲು ಸಂಪಾದಿಸಿ ಅಚ್ಚು ಹಾಕಿದವರೂ ಅವರೇ. ತೇರದಾಳದ ಶಾಸನ 1885ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯ ಹದಿನಾಲ್ಕನೇ ಸಂಪುಟದಲ್ಲಿ ಬಂತು. ಅಲ್ಲಿಂದ ಮುಂದೆ ಪಂಡಿತರಿಗೆಲ್ಲ ಗೊಂಕ ಗೊತ್ತು, ಮಾಘನಂದಿ ಗೊತ್ತು. ಊರಿನ ಜನಕ್ಕೆ ಎಷ್ಟು ಗೊತ್ತು ಎನ್ನುವುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಹದಿಮೂರನೇ ಶತಮಾನದ ಮೊದಲ ಭಾಗದಲ್ಲಿ ರಟ್ಟರು ದೇವಗಿರಿಯ ಯಾದವರ ಕೈಯಲ್ಲಿ ಅಳಿದರು. ಮುಂದೆ ಬಹಮನಿಗಳು, ವಿಜಾಪುರದ ಆದಿಲಶಾಹಿ, ಮರಾಠರು. ಕೊನೆಗೆ ಜಮಖಂಡಿ ಪಟವರ್ಧನರಿಗೆ, ಮುಧೋಳ ಘೋರ್ಪಡೆಯವರಿಗೆ, ತೇರದಾಳ ಸಾಂಗಲಿ ಸಂಸ್ಥಾನಕ್ಕೆ. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿದವು, ನಮ್ಮ ಈ ಊರುಗಳು 1956ರಲ್ಲಿ ಕನ್ನಡ ನಾಡಿಗೆ ಬಂದವು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಇತಿಹಾಸದ ಮಾಸ್ತರರು ಕ್ಷಮಿಸಬೇಕು. ಬಸದಿಯ ಮಟ್ಟಿಗೆ ಈ ಕಾಲದ ದೊಡ್ಡ ಬದಲಾವಣೆ ಬೇರೆ. ಊರಿನ ಪೇಟೆಯ ಬಹುಪಾಲು ಜನ ಶಿವಭಕ್ತಿಯ ಕಡೆ ತಿರುಗಿದರು. ಬಣಜಿಗರು ಲಿಂಗವಂತರಾದರು. ತೇರದಾಳದಲ್ಲಿ ಊರದೈವದ ಜಾಗದಲ್ಲಿ ಅಲ್ಲಮಪ್ರಭು ನಿಂತ. ಬನಹಟ್ಟಿಯಲ್ಲಿ ಕಾಡಸಿದ್ಧೇಶ್ವರ, ಮಹಾಲಿಂಗಪುರದಲ್ಲಿ ಮಹಾಲಿಂಗೇಶ್ವರ. ಪೇಟೆ ಸಾಕುವ ಗುಡಿ ಎಂಬ ಪದ್ಧತಿ ಸಾಯಲಿಲ್ಲ, ಗುಡಿ ಬದಲಾಯಿತು ಅಷ್ಟೆ. ಇವತ್ತಿಗೂ ಈ ಜಾತ್ರೆಗಳಲ್ಲಿ ತೇರಿನ ಹಗ್ಗ ಹಿಡಿಯುವವರಲ್ಲಿ ನೇಕಾರ, ಅಡತಿ ಅಂಗಡಿಯವ, ಹಮಾಲ, ರೈತ ಎಲ್ಲರೂ ಇದ್ದಾರೆ. ಮುಸಲ್ಮಾನ ಬಂಧುಗಳೂ ಇದ್ದಾರೆ.

ಬಸದಿ ಹಾಗಾದರೆ ಮೂಲೆಗೆ ಬಿತ್ತೇ? ಬೀಳಲಿಲ್ಲ. ಅದನ್ನು ಉಳಿಸಿಕೊಂಡವರು ಮುಖ್ಯವಾಗಿ ಒಕ್ಕಲುತನದ ಜೈನರು. ನಮ್ಮ ಕಡೆ ಜೈನರೆಂದರೆ ಬರೀ ಅಂಗಡಿಯವರಲ್ಲ. ಕಬ್ಬು, ಅರಿಶಿನ ಬೆಳೆಯುವ, ಹಾಲು ಹಿಂಡುವ ಚತುರ್ಥ ಜೈನರ ಮನೆತನಗಳು ಕೃಷ್ಣೆಯ ಎರಡೂ ದಂಡೆಯ ಮೇಲೆ ಕೊಲ್ಲಾಪುರದವರೆಗೂ ಹಬ್ಬಿವೆ. ದಿನದ ಪೂಜೆ ಉಪಾಧ್ಯೆಯವರ ಮನೆತನದ ಕೆಲಸ. (ಇಂಥ ಒಂದು ಉಪಾಧ್ಯೆ ಮನೆತನದಿಂದ, ಚಿಕ್ಕೋಡಿ ತಾಲ್ಲೂಕಿನ ಸದಲಗಾದಿಂದ, ಆ.ನೇ. ಉಪಾಧ್ಯೆಯವರು ಬಂದರು. ಪ್ರಾಕೃತ ವಿದ್ವತ್ತಿನಲ್ಲಿ ಜಗತ್ತಿಗೇ ಹೆಸರಾಗಿ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.) 1899ರಲ್ಲಿ ನಿಪ್ಪಾಣಿ ಹತ್ತಿರದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಈ ಒಕ್ಕಲು ಮಕ್ಕಳಿಗೆ ಓದಿನ ಊರುಗಳಲ್ಲಿ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಯ ಹುಡುಗ ಪೇಟೆಯಲ್ಲಿ ಉಳಿದು, ಹೊತ್ತು ಮುಳುಗುವ ಮುಂಚೆ ಊಟ ಮಾಡಿ, ಕಾಲೇಜು ಕಲಿತು ಬರಲು ಅದರಿಂದ ದಾರಿಯಾಯಿತು. ಹಳೆಯ ಬಸದಿಯ ಶಾಸ್ತ್ರದಾನದ ಹೊಸ ರೂಪ ಅದು ಎಂದು ನಾನು ತಿಳಿಯುತ್ತೇನೆ.

ಈಗ ಬೆಳಿಗ್ಗೆ ನಮ್ಮ ಸೀಮೆಯ ಯಾವ ಬಸದಿಗೆ ಹೋದರೂ ಕಾಣುವುದು ಇಷ್ಟು. ಬಾಗಿಲಲ್ಲಿ ಒಬ್ಬ ಅಜ್ಜ ತಡೆಯುತ್ತಾನೆ: "ಬರ್ರಿ, ಚಪ್ಪಲಿ ಅಲ್ಲೇ ಬಿಡ್ರಿ. ಬೆಲ್ಟ್ ತೊಗಲಿಂದು ಇದ್ರ ಅದನ್ನೂ ಹೊರಗ ಇಡ್ರಿ." ನೇಮಿನಾಥನ ಕಥೆ ಗೊತ್ತಿದ್ದವರಿಗೆ ಆ ಬೆಲ್ಟಿನ ಮಾತು ಅರ್ಥವಾಗುತ್ತದೆ. ಒಳಗೆ ಮಡಿ ಉಟ್ಟ ಗಂಡಸರು ಅಭಿಷೇಕ ಮಾಡುತ್ತಿರುತ್ತಾರೆ: ನೀರು, ಎಳನೀರು, ಕಬ್ಬಿನ ಹಾಲು, ತುಪ್ಪ, ಹಾಲು, ಮೊಸರು, ಅರಿಶಿನದ ನೀರು. ಈ ಪಟ್ಟಿಯನ್ನು ಒಮ್ಮೆ ನೆನಪಿಟ್ಟುಕೊಳ್ಳಿ. ಎಳನೀರು ಬಿಟ್ಟರೆ ಉಳಿದದ್ದೆಲ್ಲ ಈ ಸೀಮೆಯ ಬೆಳೆ, ಈ ಸೀಮೆಯ ಕೊಟ್ಟಿಗೆಯದೇ. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆ, ಅರಿಶಿನ ಹೋಗುವ ಸಾಂಗಲಿಯ ಪೇಟೆ, ಎರಡರ ನಡುವೆ ತೇರದಾಳ ಕುಳಿತಿದೆ. ಹೆಂಗಸರು ತಟ್ಟೆಯಲ್ಲಿ ಅಕ್ಕಿಯಿಂದ ಸ್ವಸ್ತಿಕ ಬರೆಯುತ್ತಾರೆ. ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ, ಪ್ರವಚನ. ಮಳೆಗಾಲದಲ್ಲಿ ಮುನಿಗಳು ಊರಿಗೆ ಬಂದು ಚಾತುರ್ಮಾಸ ನಿಂತರೆ ಓಣಿಯ ಚಹರೆಯೇ ಬದಲಾಗುತ್ತದೆ. ಬೆಳಿಗ್ಗೆ ಮನೆಮನೆಯ ಮುಂದೆ ಗಂಡ-ಹೆಂಡತಿ ಕಲಶ ಹಿಡಿದು ನಿಂತು "ನಮೋಸ್ತು" ಎಂದು ಕರೆಯುತ್ತಾರೆ. ಮುನಿಗಳು ಒಂದು ಮನೆ ಆರಿಸಿಕೊಂಡು, ನಿಂತುಕೊಂಡೇ ಬೊಗಸೆಯಲ್ಲಿ ದಿನಕ್ಕೆ ಒಂದೇ ಸಲ ಉಣ್ಣುತ್ತಾರೆ. ಈ ಮುನಿ ಪರಂಪರೆ ಮತ್ತೆ ಚಿಗುರಿದ್ದು ಇದೇ ಸೀಮೆಯಿಂದ. ಚಿಕ್ಕೋಡಿ ಕಡೆಯ ಭೋಜ ಗ್ರಾಮದ ಒಕ್ಕಲು ಮನೆತನದ ಶಾಂತಿಸಾಗರ ಆಚಾರ್ಯರು, 1872ರಿಂದ 1955ರವರೆಗೆ ಬದುಕಿದವರು, ಕ್ಷೀಣವಾಗಿದ್ದ ದಿಗಂಬರ ಮುನಿಚರ್ಯೆಯನ್ನು ಉತ್ತರ ಭಾರತದವರೆಗೂ ಕಾಲ್ನಡಿಗೆಯಲ್ಲಿ ಒಯ್ದರು.

ಪೇಟೆ ಈಗಲೂ ಬಸದಿಯನ್ನು ಸಾಕುತ್ತದೆ, ಆದರೆ ರೀತಿ ಬೇರೆ. ಮೊದಲ ಕಲಶ ಯಾರದು, ಆರತಿ ಯಾರದು ಎಂದು ಸವಾಲು ನಡೆಯುತ್ತದೆ. ಮೈಕಿನಲ್ಲಿ ಕೂಗು. ಒಬ್ಬ ಐದು ಸಾವಿರ ಅಂದರೆ ಮತ್ತೊಬ್ಬ ಏರಿಸುತ್ತಾನೆ. ಕೊನೆಗೆ ಗೆದ್ದವನ ಹೆಸರು, ಊರು, ತಂದೆಯ ಹೆಸರು ಎಲ್ಲ ಕೇಳಿಸುತ್ತದೆ. ಪಾವತಿ ಹರಿಯುತ್ತಾರೆ. ದೊಡ್ಡ ದೇಣಿಗೆಗಾದರೆ ಗೋಡೆಗೆ ಸಂಗಮರವರಿ ಕಲ್ಲು, ಅದರ ಮೇಲೆ ಹೆಸರು. ಇದನ್ನು ಹಗುರವಾಗಿ ಕಾಣುವವರು ಇದ್ದಾರೆ, ನಾನು ಕಾಣುವುದಿಲ್ಲ. ದುಡ್ಡಿಲ್ಲದೆ ಎಣ್ಣೆ ಉರಿಯದು. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಹನ್ನೆರಡನೇ ಶತಮಾನದ ಕಟ್ಟಳೆಯಲ್ಲಿ ಹೇರಿಗಿಷ್ಟು, ಗಾಣಕ್ಕಿಷ್ಟು ಎಂದಾಗ ಎತ್ತಿನ ಮೇಲೆ ಸರಕು ಹೇರಿಕೊಂಡು ಬಂದ ಯಾವ ಮತದವನೂ, ಯಾವ ಜಾತಿಯವನೂ ಆ ಬಸದಿಯ ದೀಪಕ್ಕೆ ಪಾಲುದಾರನಾಗಿದ್ದ, ಬೇಕೆಂದರೂ ಬೇಡವೆಂದರೂ. ಅಲ್ಲಿ ಒಂದು ಬಲವಂತವೂ ಇತ್ತು, ಸುಂಕ ಅಂದ ಮೇಲೆ ಇರಲೇಬೇಕು. ಆದರೂ ಬಸದಿ ಇಡೀ ಊರಿನ ಲೆಕ್ಕಪುಸ್ತಕದಲ್ಲಿತ್ತು. ಇವತ್ತು ಅದು ಒಂದು ಸಮಾಜದ ಲೆಕ್ಕಪುಸ್ತಕದಲ್ಲಿದೆ. ಉಳಿದವರು ಬಸದಿ ಓಣಿಯ ಮೂಲಕ ದಿನಾ ಹಾದುಹೋಗುತ್ತಾರೆ, ಒಳಗೆ ತಮ್ಮ ಮುತ್ತಜ್ಜರ ಪೇಟೆಯ ಹೆಸರು ಕಲ್ಲಿನ ಮೇಲೆ ಇದೆ ಎಂಬ ಸುಳಿವು ಅವರಿಗಿಲ್ಲ. ಆ ಕಲ್ಲು ಜೈನರದ್ದು ಹೌದು. ಆದರೆ ಅದರಲ್ಲಿ ಬರೆದಿರುವ ತೇರಿದಾಳ ಎಲ್ಲರದು.

ಇನ್ನೊಂದು ಅಂಜಿಕೆಯೂ ನನಗಿದೆ. ಜೀರ್ಣೋದ್ಧಾರದ ಹುರುಪಿನಲ್ಲಿ ಹಳೆಯ ಗುಡಿ, ಬಸದಿಗಳಿಗೆ ಎಣ್ಣೆಬಣ್ಣ ಬಳಿಯುವುದು, ಗ್ರಾನೈಟ್ ಹಾಸುವುದು, ಶಾಸನದ ಕಲ್ಲಿಗೆ ಸುಣ್ಣ ಹೊಡೆಯುವುದು ನಮ್ಮ ಕಡೆ ಕಡಿಮೆಯೇನಿಲ್ಲ. ಯಾವ ಮತದ ಗುಡಿಯೂ ಇದಕ್ಕೆ ಹೊರತಲ್ಲ. ಜೈನ ಶಾಸನಗಳ ತಲೆಯ ಮೇಲೆ ಸಾಮಾನ್ಯವಾಗಿ ಕುಳಿತ ಜಿನ, ಹಸು-ಕರು, ಸೂರ್ಯ-ಚಂದ್ರ ಕೆತ್ತಿರುತ್ತಾರೆ. ಸೂರ್ಯ-ಚಂದ್ರರಿರುವವರೆಗೆ ಈ ದಾನ ಇರಲಿ ಎಂಬುದು ಅದರ ಆಶಯ. ಅಕ್ಷರಗಳು ಮಾತ್ರ ಅಷ್ಟು ಕಾಲ ಬಾಳಲಾರವು. ಬಣ್ಣ ಒಂದು ಸಲ ಅಕ್ಷರದ ಗೆರೆಯೊಳಗೆ ಕೂತರೆ ಪಾಠಕರಂಥವರು ಮತ್ತೆ ಹುಟ್ಟಿ ಬಂದರೂ ಓದಲಾಗದು.

ಆದ್ದರಿಂದ ಎರಡು ಮಾತು ನೇರವಾಗಿ ಹೇಳುತ್ತೇನೆ. ಒಂದು, ತೇರದಾಳದ ಶಾಸನದ ಸಾರವನ್ನು ಇವತ್ತಿನ ಸರಳ ಕನ್ನಡದಲ್ಲಿ ಬರೆಸಿ ಊರ ಮುಂದೆ ಫಲಕ ಹಾಕಬೇಕು. ಬಸದಿಯ ಒಳಗಲ್ಲ, ಬಸ್ ನಿಲ್ದಾಣದಲ್ಲಿ, ಸಂತೆಯ ಬಯಲಿನಲ್ಲಿ. ಪೇಟೆಯ ದಾಖಲೆ ಪೇಟೆಯಲ್ಲಿರಲಿ. ಖರ್ಚು ಹೆಚ್ಚಿಲ್ಲ, ಒಂದು ಸ್ವಾಗತ ಕಮಾನಿನ ದುಡ್ಡಿನಲ್ಲಿ ಇಂಥ ಹತ್ತು ಫಲಕ ಆದಾವು. ಎರಡು, ಜಮಖಂಡಿ, ಮುಧೋಳ, ಬನಹಟ್ಟಿಯ ಕಾಲೇಜುಗಳ ಕನ್ನಡ ವಿಭಾಗದವರು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು ಆ ಕಲ್ಲಿನ ಮುಂದೆಯೇ ಹಳಗನ್ನಡದ ಪಾಠ ಮಾಡಬೇಕು. ಪಂಪ, ರನ್ನರನ್ನು ಪುಸ್ತಕದಲ್ಲಿ ಓದಿ ಕಷ್ಟ ಎನ್ನುವ ಹುಡುಗರಿಗೆ, ಎಲೆ-ಅಡಕೆಯ ಲೆಕ್ಕವನ್ನೂ ಇದೇ ಹಳಗನ್ನಡದಲ್ಲಿ ಬರೆಯುತ್ತಿದ್ದರು ಎಂದು ತೋರಿಸಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ನೋಡಲು ಹೋಗುವವರಿಗೆ ಒಂದೆರಡು ಸೂಚನೆ. ಬೆಳಗಿನ ಅಭಿಷೇಕ ಮುಗಿದ ಮೇಲೆ ಹೋಗಿ, ಪೂಜೆಗೆ ಅಡಚಣೆಯಾಗಬಾರದು. ಶಾಸನ ನೋಡಬೇಕು ಎಂದು ಉಪಾಧ್ಯೆಯವರಿಗೋ ಹಿರಿಯರಿಗೋ ಮೊದಲೇ ಹೇಳಿ. ಪಾಠಕರು ಓದಿಕೊಟ್ಟ ಶಾಸನಪಾಠದ ಪ್ರತಿಯೊಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಆ ಹಳೆಯ ಸಂಪುಟ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ಕುಂಕುಮ ಹಚ್ಚಬೇಡಿ. ಟಾರ್ಚು ಪಕ್ಕದಿಂದ, ಓರೆಯಾಗಿ ಹಿಡಿದರೆ ಅಕ್ಷರದ ಗೆರೆಗಳು ಎದ್ದು ಕಾಣುತ್ತವೆ. ಮೊದಲು ಗೊಂಕನ ಹೆಸರು ಹುಡುಕಿ. ಅದು ಸಿಕ್ಕ ಮೇಲೆ ಕ್ರಮೇಣ ಕೆಳಗಿಳಿಯುತ್ತ ಅಯ್ಯಾವೊಳೆಯವರ ಬಿರುದುಗಳ ಸಾಲಿಗೆ ಬನ್ನಿ.